ಗಾಳಿ ಹಿಡಿಯುವ ಪೆಟ್ಟಿಗೆ

ಪ್ರಭುಲಿಂಗ ಚಿಮಟದ ತುದಿಯಲ್ಲಿ ಕಾಗದವನ್ನು ಎತ್ತುತ್ತಿದ್ದಂತೆ ಪಾಲಯ್ಯ ಅವನ ಮಣಿಕಟ್ಟು ಹಿಡಿದುಕೊಂಡ.

"ಅದನ್ನ ಇಲ್ಲಿ ಕೊಡಪ್ಪ. ಅವಳ ಜೊತೆ ಮಣ್ಣಿಗಿಡಬೇಕು."

ಅಂಗಳದ ಅಳು ಒಮ್ಮೆಗೇ ತಗ್ಗಿತು. ಚಪ್ಪರದ ಕಂಬಕ್ಕೆ ಒರಗಿಸಿ ಕೂರಿಸಿದ್ದ ಬರಗೇರಮ್ಮನ ಹಣೆಗೆ ಕುಂಕುಮ ಹಚ್ಚುತ್ತಿದ್ದ ನಾದಿನಿ ಯಲ್ಲಕ್ಕ ಕೈ ತಡೆದು ಅಣ್ಣ ಪಾಲಯ್ಯನ ಕಡೆ ನೋಡಿದಳು. ಹೆಣದಿಂದ ಮಾರು ದೂರದಲ್ಲಿ, ಎತ್ತರದ ಕಾಲುಗಳ ಮೇಲೆ, ತಗಡಿನ ಪೆಟ್ಟಿಗೆ ಬಾಯಿ ತೆರೆದು ನಿಂತಿತ್ತು.

ಹಿರಿಯೂರು ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡ ಕುರಿಗಾಹಿಗಳ ಹಟ್ಟಿ ಅದು. ರಸ್ತೆ ನಾಲ್ಕು ಪಥವಾದ ಮೇಲೆ ಎದುರಿನ ಹೊಲಗಳಲ್ಲಿ ಗೋಡೌನುಗಳ ಸಾಲು ಕಟ್ಟಲು ಯಾರೋ ಅರ್ಜಿ ಹಾಕಿದ್ದರು. ಕಟ್ಟಿದರೆ ಹಗಲೂ ರಾತ್ರಿ ಲಾರಿಗಳು ಹಟ್ಟಿಯ ಮಣ್ಣು ದಾರಿಯಲ್ಲೇ ತಿರುಗಬೇಕು. ಈಗ ಗಾಳಿಯಲ್ಲಿ ಧೂಳು ಎಷ್ಟಿದೆ, ಅದಕ್ಕೆ ಲಾರಿಗಳ ಧೂಳು ಸೇರಿದರೆ ಮಿತಿ ದಾಟುತ್ತದೆಯೇ ಎಂದು ನೋಡಲು ಚಿತ್ರದುರ್ಗದ ಒಂದು ಲ್ಯಾಬು ಪ್ರಭುಲಿಂಗನನ್ನು ಕಳಿಸಿತ್ತು. ಪೆಟ್ಟಿಗೆ ಗಾಳಿ ಎಳೆಯುತ್ತದೆ, ಧೂಳು ಕಾಗದದ ಮೇಲೆ ಕೂರುತ್ತದೆ. ಆ ಕಾಗದವನ್ನು ತೂಗುವುದು.

ಇಷ್ಟು ದಿನ ಸಿಕ್ಕ ಕಾಗದಗಳೆಲ್ಲ ಹೆಚ್ಚುಕಮ್ಮಿ ಬಿಳಿ. ಇವತ್ತಿನದು ಮಾತ್ರ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪು.

"ಕೊಡಾಕಾಗಲ್ಲ ಯಜಮಾನ್ರೆ. ನಿಜ ಹೇಳೋದು ಇದೊಂದೇ. ಇದನ್ನ ತೂಗಿದ್ರೆ ಗೋಡೌನು ನಿಂತ್ರೂ ನಿಲ್ಲಬೋದು."

"ಅವಳ ಕಡೇ ಉಸಿರು ಅದ್ರಾಗೈತೆ. ಪೆಟ್ಟಿಗೆ ಪಕ್ಕದಾಗೇ ಪ್ರಾಣ ಬಿಟ್ಲು. ಆಗ ಅದು ಗುಂಯ್ ಅನ್ನೋದು ಒಂದ್ಗಳಿಗೆ ತಡೀತು. ನಾನ್ ಕೇಳಿದೀನಿ."

"ತೂಗ್ತೀಯಾ?" ಯಲ್ಲಕ್ಕ ಎದ್ದು ನಿಂತಳು. "ನಮ್ಮತ್ತಿಗೆ ಉಸಿರನ್ನ ತಕ್ಕಡಿಗೆ ಹಾಕ್ತೀಯೇನಪ್ಪ?"

ಪಕ್ಕದ ಮನೆಯ ಮುದುಕ ಚಿತ್ರಲಿಂಗಪ್ಪ ಬೀಡಿ ಆರಿಸಿದ. "ಲೇ ಪಾಲಯ್ಯ, ಬದುಕಿದ್ದಾಗ ಅವಳು ಬಾಯಿ ಬಿಟ್ರೆ ಕಂಬಳಿ ಮುಸುಕು ಹಾಕ್ಕಂತಿದ್ದೆ. ಈಗ ಉಸಿರು ಬೇಕಾ ನಿಂಗೆ?"

ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಹೂಂ ಕಣಣ್ಣ," ಎಂದ ಪಾಲಯ್ಯ. "ಈಗ ಬೇಕು."

*

ಪೆಟ್ಟಿಗೆ ಇಳಿಸಿದ ದಿನ ಬರಗೇರಮ್ಮ ಕುರಿಮರಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಅದರ ಸುತ್ತ ಒಂದು ಸುತ್ತು ಬಂದಿದ್ದಳು.

"ಇದೇನಪ್ಪ?"

"ಗಾಳಿ ಹಿಡಿಯೋ ಮಿಷನ್ನು ಕಣಮ್ಮ."

ಅವಳ ಮುಖ ಬಿಗಿಯಿತು. "ಹಿಡಿದು?"

"ದುರ್ಗಕ್ಕೆ ತಗಂಡೋಗ್ತೀನಿ."

"ಹಂಗಾದ್ರೆ ಒಂದೂ ಬಿಡಬ್ಯಾಡ."

ಅವನು ನಕ್ಕಿದ್ದ. ಮಾರನೆಯ ಬೆಳಿಗ್ಗೆ ನಗು ನಿಂತಿತು. ಪೆಟ್ಟಿಗೆಯ ಸುತ್ತ, ಅಂಗಳ ದಾಟಿ ದಾರಿಯ ಉದ್ದಕ್ಕೂ, ಅವಳು ಬೇವಿನ ಸೊಪ್ಪನ್ನು ಸಗಣಿ ನೀರಿಗೆ ಅದ್ದಿ ಅದ್ದಿ ಚಿಮುಕಿಸುತ್ತಿದ್ದಳು. ಎಂದೋ ಟಗರು ಗುಮ್ಮಿ ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. ಎಲ್ಲ ಕೆಲಸವೂ ಎಡಗೈಯಲ್ಲೇ. ಹನಿಗಳು ಬಲದಿಂದ ಎಡಕ್ಕೆ ಕುಡುಗೋಲಿನಂತೆ ಬಾಗಿ ಬೀಳುತ್ತಿದ್ದವು.

"ನನ್ನ ಚೊಚ್ಚಲ ಮಗ ಇದೇ ಅಂಗಳದಾಗೆ ತೆವಳ್ತಿದ್ದ," ಎಂದಿದ್ದಳು. "ಒಂದಿನ ಜ್ವರ ಅಂತ ನಾನು ಮಲಗಿಬಿಟ್ಟೆ, ನೀರು ಹಾಕಲಿಲ್ಲ. ಅವತ್ತೇ ಮಗೀಗೆ ಗಾಳಿ ಸೋಕ್ತು, ಉಳೀಲಿಲ್ಲ. ಆಮ್ಯಾಕೆ ಒಂದಿನಾನೂ ತಪ್ಪಿಸಿಲ್ಲ. ನೀನು ನೋಡಿದ್ರೆ ಗಾಳೀನ ಕರ್ದು ಕರ್ದು ತುಂಬ್ಕಂತೀಯ. ಅದು ತಪ್ಪಿಸ್ಕಂಡು ಒಳಾಕೆ ನುಗ್ಗಿದ್ರೆ?"

ಅವಳ ಗಾಳಿ ಬೇರೆ, ಅವನ ಗಾಳಿ ಬೇರೆ. ನೆಲ ಒದ್ದೆಯಾದರೆ ಧೂಳು ಏಳುವುದಿಲ್ಲ, ಇಲ್ಲಿ ಧೂಳೇ ಇಲ್ಲವೆಂದು ಲೆಕ್ಕ ಬರುತ್ತದೆ, ಗೋಡೌನಿಗೆ ದಾರಿ ಸಲೀಸಾಗುತ್ತದೆ ಎಂದು ಬಿಡಿಸಿ ಹೇಳುತ್ತಾ ಅವನು ಒಂದು ಹೆಜ್ಜೆ ಮುಂದಿಟ್ಟ.

"ತುಳೀಬ್ಯಾಡ! ಗೆರೆ ಅಳಿಸ್ತೀಯ."

ಬೈದ ಮೇಲೆ ಒಳಗೆ ಹೋಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದುಕೊಟ್ಟಳು. ಬೇರೆಡೆ ಪೆಟ್ಟಿಗೆ ಇಡೋಣವೆಂದರೆ ಹಟ್ಟಿಯಲ್ಲಿ ಕರೆಂಟಿನ ಮೀಟರು ಇದ್ದದ್ದು ಆ ಮನೆಗೊಂದಕ್ಕೇ. ಲ್ಯಾಬಿಗೆ ಫೋನು ಮಾಡಿದಾಗ, "ಕಡಿಮೆ ಬಂದ್ರೆ ಒಳ್ಳೇದೇ ಅಲ್ವೇನ್ರಿ, ಬಿಡ್ರಿ," ಎಂದಿದ್ದರು.

ಮೊನ್ನೆ ಅವಳಿಗೆ ಮತ್ತೆ ಜ್ವರ. ನಿನ್ನೆ ಅಂಗಳಕ್ಕೆ ನೀರು ಬೀಳಲಿಲ್ಲ. ರಾತ್ರಿ ಉಬ್ಬಸ ಹೆಚ್ಚಿ ಒಳಗೆ ಮಲಗಲಾರದೆ ಹೋದಾಗ ಮಂಚವನ್ನು ಪೆಟ್ಟಿಗೆಯ ಪಕ್ಕಕ್ಕೆ ತಂದು ಹಾಕಿದ್ದರು.

*

ಕಾಗದ ಇನ್ನೂ ಚಿಮಟದಲ್ಲಿತ್ತು. ಪ್ರಭುಲಿಂಗನಿಗೆ ಒಂದು ಲೆಕ್ಕ ಹೊಳೆಯಿತು. ಪೆಟ್ಟಿಗೆ ಕಿತ್ತುಕೊಂಡು ಹೋಗಬೇಕಾದದ್ದು ನಾಳೆ. ಇನ್ನೊಂದು ಕಾಗದಕ್ಕೆ ಹೊತ್ತಿದೆ. ನೀರು ಹಾಕುವವಳು ಇನ್ನಿಲ್ಲ. ಅದೂ ಇಷ್ಟೇ ಕಪ್ಪಾಗುತ್ತದೆ.

"ಯಲ್ಲಕ್ಕ, ನಾಳೆತನಕ ಪೆಟ್ಟಿಗೆ ಸುತ್ತ ನೀರು ಹಾಕಬ್ಯಾಡ್ರಿ. ಅಷ್ಟು ನಡೆಸಿಕೊಟ್ರೆ ಇದನ್ನ ಕೊಡ್ತೀನಿ."

"ಆಯ್ತಪ್ಪ. ಬಾಗಿಲ ಮುಂದೆ ಹಾಕ್ತೀನಿ, ಅಷ್ಟೇ."

ಪಾಲಯ್ಯ ಕಾಗದವನ್ನು ನಾಲ್ಕಾಗಿ ಮಡಚಿ ಹೆಂಡತಿಯ ಎಡಗೈಗೆ ಇಟ್ಟ. ಸೆಟೆದಿದ್ದ ಬೆರಳುಗಳು ಅದನ್ನು ತಾವಾಗಿಯೇ ಹಿಡಿದುಕೊಂಡಂತೆ ಪ್ರಭುಲಿಂಗನಿಗೆ ಕಂಡಿತು. ಅವನು ಹೊಸ ಕಾಗದ ಇಟ್ಟು ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದ. ಬಾಗಿಲಿಗೆ ಚಿಲಕ ಹಾಕಿ, ಬಿಂದಿಗೆ ಬೋರಲು ಹಾಕಿ, ಹಟ್ಟಿಯ ಹೆಂಗಸರು ಗಂಡಸರು ಎಲ್ಲರೂ, ಅವರ ಜೊತೆ ಅವನೂ, ಹೆಣದ ಹಿಂದೆ ಹೊರಟರು.

ಮಣ್ಣು ಮಾಡಿ ಮರಳಿದಾಗ ಹೊತ್ತು ಇಳಿದಿತ್ತು. ಹೆದ್ದಾರಿಯ ಲಾರಿಗಳು ಎಬ್ಬಿಸಿದ ಧೂಳಿನಲ್ಲಿ ಮುಂದಿನವರ ಬೆನ್ನು ಹಿಂದಿನವರಿಗೆ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡ ಪ್ರಭುಲಿಂಗ. ಕಾಗದ ಆಗಲೇ ಬೂದಿ ಬಣ್ಣಕ್ಕೆ ತಿರುಗಿರಬೇಕು.

ಮುಂದೆ ಹೋಗಿದ್ದ ಯಲ್ಲಕ್ಕ ಒಣಗಿದ ಬಿಂದಿಗೆ ಹಿಡಿದು ಅಂಗಳದ ಅಂಚಿನಲ್ಲೇ ನಿಂತಿದ್ದಳು.

"ಯಾರೇ ಹಾಕಿದ್ದು?" ಎಂದು ಕೇಳಿದಳು. ಅವಳ ಹಿಂದೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪೆಟ್ಟಿಗೆಯ ಸುತ್ತ ನೆಲ ಒದ್ದೆಯಾಗಿತ್ತು. ಹಸಿ ಸಗಣಿಯ ವಾಸನೆ. ಅಲ್ಲಲ್ಲಿ ಬೇವಿನ ಎಲೆ.

ಪ್ರಭುಲಿಂಗ ಓಡಿಹೋಗಿ ಮುಚ್ಚಳ ಎತ್ತಿದ. ಕಾಗದ ಅವನು ಇಟ್ಟಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು.

ಪಾಲಯ್ಯ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ದಿನಾ ಬೆಳಿಗ್ಗೆ ಮಾಡುತ್ತಿದ್ದ ಹಾಗೆ, ಒದ್ದೆಯ ಅಂಚು ಬಿಟ್ಟು ಸುತ್ತಿಕೊಂಡು ಬಂದ.

"ತುಳೀಬ್ಯಾಡಪ್ಪ," ಎಂದ ಮೆಲ್ಲಗೆ. "ಬೈತಾಳೆ."

ಪ್ರಭುಲಿಂಗ ಕೆಳಗೆ ನೋಡಿದ. ಪೆಟ್ಟಿಗೆಯ ಬುಡದಿಂದ ಹಿಂದಕ್ಕೆ, ಈಗಷ್ಟೇ ಓಡಿಬಂದ ಅವನ ಬೂಟಿನ ಗುರುತುಗಳು ಸಾಲಾಗಿ ಬಿದ್ದಿದ್ದವು. ಅವನು ಗೆರೆ ದಾಟಿದ ಕಡೆ ಮಾತ್ರ ಮೊದಲ ಹೆಜ್ಜೆ ಕಾಣಲಿಲ್ಲ. ಅದರ ಮೇಲೆ, ಬಲದಿಂದ ಎಡಕ್ಕೆ ಬಾಗಿ, ಹನಿಗಳು ಇನ್ನೂ ಇಂಗುತ್ತಿದ್ದವು.