ಮೀಟರಿಗೆ ಗೊತ್ತಾಗುವ ಹಾಗೆ

“ಈ ಮನೇಲಿ ಯಾರೂ ಇಲ್ಲ ಅಂತ ಮೀಟರ್ ಹೇಳ್ತಿದೆ,” ಎಂದಳು ಕರೆಂಟ್ ಇಲಾಖೆಯ ಮೀಟರ್ ಮೇಡಂ.

“ನಾನಿದ್ದೀನಲ್ಲ,” ಎಂದ ಹಲ್ಲಿನ ಮೇಸ್ತ್ರಿ.

“ನೀವು ಹೇಳ್ತೀರಿ ಬಿಡಿ. ಅದು ಹೇಳ್ಬೇಕಲ್ಲ?”

ರಜೆಯ ದಿನ ಬೆಳಿಗ್ಗೆ ಇಬ್ಬರೂ ಹಜಾರದ ಗೋಡೆಯ ಮುಂದೆ ನಿಂತು ಮೀಟರಿನ ಮುಖ ನೋಡುತ್ತಿದ್ದರು. ಅದರ ಪುಟ್ಟ ಬಾಣ ಹೊರಗಡೆಗೆ ತಿರುಗಿತ್ತು. ಚಾವಣಿಯ ಮೇಲಿನ ಸೋಲಾರ್ ಫಲಕಗಳು ಬಿಸಿಲು ಕುಡಿದು ಮಾಡಿದ ಕರೆಂಟೆಲ್ಲ ಬೀದಿಗೆ ಹೋಗುತ್ತಿತ್ತು. ಮನೆಯೊಳಗೆ ಅದಕ್ಕೆ ಕೆಲಸವೇ ಇರಲಿಲ್ಲ.

ಸರ್ಕಾರದ ಲೆಕ್ಕ ಸರಳ. ಚಾವಣಿಯಲ್ಲಿ ಕರೆಂಟ್ ಮಾಡಿಕೊಳ್ಳುವ ಮನೆಗೆ ಫಲಕದ ಅರ್ಧ ಬೆಲೆ ಅದೇ ಹಾಕುತ್ತದೆ, ಮಿಕ್ಕ ಕರೆಂಟನ್ನೂ ಕೊಳ್ಳುತ್ತದೆ. ಆದರೆ ಮನೆ ಎಂದರೆ ಜನ ಇರುವ ಮನೆ. ಖಾಲಿ ಮನೆಗಳ ನೆತ್ತಿಗೆ ಫಲಕ ಹೊದಿಸಿ ಕೂತಲ್ಲೇ ಬಿಸಿಲು ಮಾರುವ ಜಾಣರು ಹೆಚ್ಚಾದ ಮೇಲೆ ಇಲಾಖೆ ತಪಾಸಣೆಗೆ ಇಳಿದಿತ್ತು. ಖಾಲಿ ಅಂತ ಬರೆದುಕೊಂಡು ಹೋದರೆ ಮುಗಿಯಿತು, ಫಲಕಗಳನ್ನು ಇಳಿಸಿ ಸರದಿಯಲ್ಲಿ ಕಾದವರ ಚಾವಣಿಗೆ ಏರಿಸುತ್ತಿದ್ದರು.

ಆ ಫಲಕಗಳು ಮೇಸ್ತ್ರಿಯ ಅಕ್ಕನವು. ಹಟ ಹಿಡಿದು ಹಾಕಿಸಿದವಳು ಅವಳು, ತಮ್ಮನ ಹಳೇ ಬನಿಯನ್ನಿನಿಂದ ಒರೆಸುತ್ತಿದ್ದವಳು ಅವಳು. ಬಾಣ ಹೊರಗೆ ತಿರುಗಿದಾಗ “ನೋಡೋ, ಬೀದಿಗೆಲ್ಲ ನಾವೇ ಬಡಿಸ್ತಿದ್ದೀವಿ!” ಎಂದು ಕೂಗುತ್ತಿದ್ದವಳೂ ಅವಳೇ. ಆ ಮನೆಯ ಸಂಪುಟದಲ್ಲಿ ಮಾತಿನ ಖಾತೆ ಅಕ್ಕನದು, ಮೌನದ ಖಾತೆ ತಮ್ಮನದು. ಕಳೆದ ವರ್ಷ ಅಕ್ಕ ತೀರಿಕೊಂಡ ಮೇಲೆ ಮಾತಿನ ಖಾತೆ ಯಾರಿಗೂ ಹಂಚಿಕೆಯಾಗದೆ ಉಳಿದಿತ್ತು.

ಮೀಟರ್ ಮೇಡಂ ಅಡುಗೆಮನೆಗೆ ಇಣುಕಿದಳು. ಒಂದು ತಟ್ಟೆ, ಒಂದು ಲೋಟ.

“ಫ್ರಿಜ್ ಯಾಕೆ ಆಫ್ ಮಾಡಿದೀರಿ?”

“ಒಬ್ಬನಿಗೆ ಅಂತ ಏನು ಇಡೋದು?”

“ಟೀವಿ?”

“ಅಕ್ಕ ನೋಡ್ತಿದ್ದಳು.”

“ದೀಪನಾದ್ರೂ ಹಾಕ್ತೀರಾ?”

“ಹಿಂದುಗಡೆ ಅಡುಗೆಮನೇದೊಂದು ಸಾಕು. ನಾನೆಲ್ಲಿದ್ದೀನಿ ಅಂತ ನನಗೆ ಗೊತ್ತಿರುತ್ತಲ್ಲ.”

“ಅಲ್ಲಾ ಸಾರ್, ನಮ್ಮಾಫೀಸಿನ ಇರುವೆಗಳೇ ನಿಮಗಿಂತ ಜಾಸ್ತಿ ಕರೆಂಟ್ ತಿನ್ನುತ್ವೆ!” ಅವಳು ನಕ್ಕಳು. “ಸರಿ, ಬನ್ನಿ. ಅಕ್ಕಪಕ್ಕದವರು ಯಾರಾದ್ರೂ ಒಬ್ಬರು ‘ಹೌದು, ಇದಾರೆ’ ಅಂದ್ರೆ ಸಾಕು. ಬರ್ಕೊಂಡು ಹೋಗ್ತೀನಿ.”

ಎದುರುಮನೆಯ ಗೇಟಿನ ಹಿಂದೆ ಅಜ್ಜಿಯೊಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಳಗೆ ಮಿಕ್ಸಿ, ಟೀವಿ, ಮೊಮ್ಮಕ್ಕಳ ಜಗಳ ಎಲ್ಲ ಒಟ್ಟಿಗೆ ಓಡುತ್ತಿದ್ದವು, ಬಹುಶಃ ಅಕ್ಕನ ಬಿಸಿಲಿನಲ್ಲೇ. ಇವರನ್ನು ಕಂಡು ಅಜ್ಜಿ ನಕ್ಕಳು. ಮೇಸ್ತ್ರಿಗೆ ಥಟ್ಟನೆ ಗುರುತು ಹತ್ತಿತು. ಮುಖದ್ದಲ್ಲ, ಹಲ್ಲಿನದು. ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಅವನು ಊರಿನ ಅರ್ಧ ಬಾಯಿಗಳಿಗೆ ಹಲ್ಲು ಕಟ್ಟಿದ್ದ. ಅವನ ಕೈಗೆ ಬರುತ್ತಿದ್ದದ್ದು ಬಾಯಿಯ ಅಚ್ಚು ಮಾತ್ರ. ಮುಖ, ನಗು, ಥ್ಯಾಂಕ್ಸು ಎಲ್ಲ ಮುಂದಿನ ಕೋಣೆಯವರ ಪಾಲು. ಈ ಮೇಲ್ಸಾಲಿನ ಕೋರೆಯನ್ನು, ಹಳೇ ಫೋಟೊದಲ್ಲಿದ್ದ ಹಾಗೇ ಬೇಕೆಂದು ಹೇಳಿಕಳಿಸಿದ್ದರಿಂದ, ಅವನು ತುಸು ಸೊಟ್ಟಗೆ ಕೂರಿಸಿದ್ದ. ಚೆನ್ನಾಗಿ ಒಗ್ಗಿಕೊಂಡಿತ್ತು.

“ಅಜ್ಜೀ, ಆ ಮನೇಲಿ ಯಾರಿದಾರೆ?” ಮೀಟರ್ ಮೇಡಂ ಕೈ ತೋರಿಸಿದಳು.

“ಅದಾ? ಖಾಲಿ ಕಣಮ್ಮಾ. ಮುಂಚೆ ಒಬ್ಬಳಿದ್ದಳು, ಅಬ್ಬಾ, ಏನು ಬಾಯಿ ಅಂತೀಯ! ಪುಣ್ಯಾತ್ಗಿತ್ತಿ, ಹೋದ್ಲು. ಆಮೇಲೆ ಒಂದು ದಿನಾನೂ ದೀಪ ಕಂಡಿಲ್ಲ.”

“ತಮ್ಮ ಒಬ್ಬ ಇರ್ಬೇಕಲ್ಲ?”

“ಇದ್ದನಂತೆ. ಅವನೂ ಅವಳ ಹಿಂದೇನೇ ಹೋದ್ನೋ ಏನೋ, ಪಾಪ.” ಅಜ್ಜಿ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇವರು ಬಾಡಿಗೆಗೆ ಮನೆ ನೋಡೋಕೆ ಬಂದಿದಾರಾ?”

ತಾನೇ ಕಟ್ಟಿದ ಹಲ್ಲು ತನ್ನನ್ನೇ ಅಗಿದು ನುಂಗಿದ್ದನ್ನು ಮೇಸ್ತ್ರಿ ನೋಡುತ್ತ ನಿಂತ. ‘ನಾನೇ ಆ ತಮ್ಮ’ ಅನ್ನಬೇಕು. ಮೂರೇ ಪದ. ಅವು ಗಂಟಲವರೆಗೆ ಬಂದು, ಅಭ್ಯಾಸ ತಪ್ಪಿದ್ದರಿಂದ, ಅಲ್ಲೇ ಕೂತವು.

ಮೀಟರ್ ಮೇಡಂ ಅವನ ಮುಖ ನೋಡಿದಳು. ಬರೆಯಲು ತೆಗೆದ ಪೆನ್ನು ವಾಪಸು ಜೇಬಿಗೆ ಹೋಯಿತು. ರಸ್ತೆ ದಾಟುವಾಗ ಹೇಳಿದಳು: “ಅಜ್ಜಿ ಮಾತು ನನಗೆ ಕೇಳಿಸ್ಲಿಲ್ಲ ಅಂದ್ಕೊಳ್ಳಿ. ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಸ್ವಲ್ಪ ಬದುಕಿ ಸಾರ್, ಮೀಟರಿಗೆ ಗೊತ್ತಾಗೋ ಹಾಗೆ.”

ಸಂಜೆ ಕತ್ತಲಾಗುತ್ತಿದ್ದಂತೆ ಮೇಸ್ತ್ರಿ ಬದುಕಲು ಶುರುಮಾಡಿದ. ಹಜಾರದ ದೀಪ ಹಾಕಿದ. ಫ್ರಿಜ್ಜಿಗೆ ಜೀವ ಕೊಟ್ಟು ಒಳಗೆ ಒಂದು ಲೋಟ ನೀರು ಇಟ್ಟ. ಟೀವಿಯಲ್ಲಿ ಯಾರೋ ಯಾರನ್ನೋ ಬೈಯತೊಡಗಿದರು. ಕೊನೆಗೆ ಅಕ್ಕನ ಕೋಣೆಯ ಬಾಗಿಲು ತೆಗೆದು ದೀಪ ಹಾಕಿದ, ಫ್ಯಾನೂ ಹಾಕಿದ. ಧೂಳು ಉದುರಿಸಿಕೊಂಡು ಅದು ಗೊಣಗುತ್ತ ತಿರುಗಿತು.

ಹೊರಗಿನಿಂದ ಹೇಗೆ ಕಾಣುತ್ತದೋ ನೋಡೋಣವೆಂದು ಬೀದಿ ದಾಟಿ ನಿಂತ.

“ಓ, ನೀವಾ?” ಗೇಟಿನ ಹಿಂದಿನಿಂದ ಅಜ್ಜಿಯ ದನಿ. “ಬೆಳಿಗ್ಗೆ ಮನೆ ನೋಡೋಕೆ ಬಂದಿದ್ರಲ್ಲ? ತಡ ಮಾಡಿದ್ರಿ ನೋಡಿ. ಯಾರೋ ಬಂದೇ ಬಿಟ್ರು.”

“ಹೌದಜ್ಜಿ,” ಎಂದ ಮೇಸ್ತ್ರಿ. “ತಡವಾಯ್ತು.”

“ಸಂಸಾರಸ್ಥರೇ ಇರ್ಬೇಕು. ಎಲ್ಲಾ ಕೋಣೇಲೂ ದೀಪ ಇದೆ.”

ಅಕ್ಕನ ಕೋಣೆಯ ಕಿಟಕಿಯಲ್ಲಿ, ಫ್ಯಾನಿನ ಗಾಳಿಗೆ, ಪರದೆ ಉಬ್ಬಿ ಸರಿಯಿತು. ಯಾರೋ ಬಂದು ನೋಡಿ ಹೋದ ಹಾಗೆ.

ಅಜ್ಜಿ ಅತ್ತ ಕೈ ಬೀಸಿದಳು. ಮೇಸ್ತ್ರಿಯೂ ಬೀಸಿದ.