ಗ್ರಂಥಾಲಯದ ಪ್ರತಿ

ಕಚೇರಿಯಲ್ಲಿ ಎಲ್ಲರೂ ಅವನನ್ನು ಕೊಕ್ಕೆರಾಯ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ಚೀಟಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಪೇಟೆಂಟ್ ಪರೀಕ್ಷಕನ ಕೆಲಸವೇ ಕೊಕ್ಕೆ ಹಾಕುವುದು. ಯಾರೋ ಒಬ್ಬರು, ಇದನ್ನು ಲೋಕದಲ್ಲಿ ಮೊದಲು ಕಂಡುಹಿಡಿದದ್ದು ನಾವು, ಇಪ್ಪತ್ತು ವರ್ಷ ಬೇರೆ ಯಾರೂ ಮುಟ್ಟಕೂಡದು ಎಂದು ಅರ್ಜಿ ಹಾಕುತ್ತಾರೆ. ಪರೀಕ್ಷಕ ಹಳೆಯ ಕಾಗದಗಳನ್ನೆಲ್ಲ ಜಾಲಾಡಿ, ಸ್ವಾಮಿ, ನಿಮಗಿಂತ ಮೊದಲೇ ಇಂಥವರು ಇಂಥ ಕಡೆ ಇದನ್ನು ಹೇಳಿಯಾಗಿದೆ ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ಬಾಯಿ ಮುಚ್ಚಿಕೊಂಡು ಸಹಿ ಹಾಕಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಕೊಕ್ಕೆರಾಯ ಬಾಯಿ ಮುಚ್ಚಿಕೊಂಡದ್ದು ಕಡಿಮೆ. ತನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಹೋಗುವುದಿಲ್ಲ ಎಂಬ ಜಂಭ ಅವನಿಗಿತ್ತು. ಜಂಭಕ್ಕೆ ಕಾರಣವೂ ಇತ್ತೆನ್ನಿ.

ಅವನ ಪಾಲಿಗೆ ಬರುತ್ತಿದ್ದದ್ದು ವಿಡಿಯೋ ಅರ್ಜಿಗಳು. ನಮಗೆ ವಿಡಿಯೋ ಎಂದರೆ ಓಡಾಡುವ ಚಿತ್ರ. ಅವನಿಗೆ ಬರೀ ಚೌಕಗಳು. ಪ್ರತಿ ಚಿತ್ರವನ್ನೂ ಇಡಿಯಾಗಿ ಕಳಿಸುತ್ತ ಕೂತರೆ ಯಾವ ತಂತಿಯೂ ತಾಳುವುದಿಲ್ಲ. ಹಾಗಾಗಿ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಈ ಚೌಕ ಹಿಂದಿನ ಚಿತ್ರದಲ್ಲಿ ಅಗೋ ಅಲ್ಲಿತ್ತಲ್ಲ, ಅದನ್ನೇ ಇಷ್ಟು ಬಲಕ್ಕೆ ಸರಿಸಿ ಕೂರಿಸಿಕೋ ಎಂದಷ್ಟೇ ಹೇಳಿ ಕಳಿಸುತ್ತಾರೆ. ಹೊಸದೇನೂ ಇಲ್ಲ, ಹಳೆಯದನ್ನೇ ಸರಿಸುವುದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಹೇಳುವಾಗ, "ಸಂಸಾರ ನಡೆಯೋದೂ ಹಿಂಗೇ ಕಣ್ರಪ್ಪ" ಎಂದು ಅವನು ನಗಿಸುತ್ತಿದ್ದ.

ಆ ಸೋಮವಾರ ಮೇಜಿಗೆ ಬಂದದ್ದು ದೊಡ್ಡ ಕಂಪನಿಯೊಂದರ ಅರ್ಜಿ, ನಲವತ್ತೆರಡು ಪುಟ. ಗೋಡೆಯ ಮುಂದೆ ಮನುಷ್ಯನೊಬ್ಬ ನಡೆದು ಹೋದಾಗ ಅವನ ಬೆನ್ನ ಹಿಂದೆ ಮುಚ್ಚಿಹೋಗಿದ್ದ ಗೋಡೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಿಂದಿನ ಚಿತ್ರದಲ್ಲಿ ಅದು ಇರಲೇ ಇಲ್ಲ, ಸರಿಸುವುದು ಎಲ್ಲಿಂದ? ಅದಕ್ಕೆ ಇವರ ಉಪಾಯ: ಮರೆಯಾದ ಚೌಕಗಳನ್ನು ಬೇರೆ ಒಂದು ಮೂಲೆಯಲ್ಲಿ ಕಾಪಾಡಿಡುವುದು; ಅಕ್ಕಪಕ್ಕದ ಚೌಕಗಳು ಅಲುಗಾಡುತ್ತಿರುವವರೆಗೆ ಕಾಯುವುದು; ಅವು ನಿಂತ ಮೇಲೆ ಮೂಲೆ ಖಾಲಿ ಮಾಡುವುದು. ಆರನೇ ಪುಟಕ್ಕೆ ಬರುವಷ್ಟರಲ್ಲಿ ಕೊಕ್ಕೆರಾಯನ ಚಹಾ ಆರಿಹೋಗಿತ್ತು. ಈ ಮಾತನ್ನು ಅವನು ಮೊದಲೇ ಕೇಳಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಕಾಲೇಜಿನ ಕ್ಯಾಂಟೀನಿನಲ್ಲಿ, ಅವನಿಗಿಂತ ಒಂದು ವರ್ಷ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಕೈಯೊರೆಸುವ ಕಾಗದದ ಮೇಲೆ ಗೀಚಿ ಹೇಳಿದ್ದಳು, ಆಮೇಲೆ ಅದನ್ನೇ ಪದವಿಯ ಪ್ರಬಂಧವಾಗಿ ಬರೆದಿದ್ದಳು. ಆ ಹುಡುಗಿ ಈಗ ಅವನ ಹೆಂಡತಿ.

ಬುದ್ಧಿಯಲ್ಲಿ ಹೆಂಡತಿ ಅವನಿಗಿಂತ ಒಂದು ಮೊಳ ಮೇಲೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಮದುವೆಯಾದ ಮೇಲೆ ಅವನ ವರ್ಗಾವಣೆ, ಆಮೇಲೆ ಮಗಳು, ಆಮೇಲೆ ಹಾಸಿಗೆ ಹಿಡಿದ ಅವನ ತಾಯಿ; ಕೆಲಸಕ್ಕೆ ಸೇರುವ ಮಾತು ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹಾಗೇ ಸವೆದುಹೋಯಿತು. ಈಗ ಅವಳು ಶಾಲೆಯ ಗಣಿತದ ಅಭ್ಯಾಸಪುಸ್ತಕಗಳ ಕೊನೆಯಲ್ಲಿ ಬರುವ ಉತ್ತರಗಳ ಪುಟ ಸರಿಯಿದೆಯೇ ಎಂದು ಮನೆಯಲ್ಲೇ ಕೂತು ತಿದ್ದಿ ಕೊಡುತ್ತಿದ್ದಳು. ಜಗಳ ಕಾವೇರಿದಾಗ ಮಾತ್ರ ಅವಳ ಬಾಯಿಂದ ಒಂದು ಮಾತು ಬರುತ್ತಿತ್ತು: "ನನ್ನ ಹೆಸರಿನ ಪುಸ್ತಕ ಲೈಬ್ರರಿಲಿ ಕೂತಿದೆ. ನಿಮ್ಮದು ಏನಿದೆ?" ಕೊಕ್ಕೆರಾಯನಿಗೆ ಈ ಮಾತಿಗೆ ಕೊಕ್ಕೆ ಹಾಕಲು ಆಗುತ್ತಿರಲಿಲ್ಲ.

ಅವನು ಅರ್ಜಿ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋಗಿ, ಇದು ತನ್ನ ಹೆಂಡತಿಯ ಹಳೆಯ ಪ್ರಬಂಧದಲ್ಲೇ ಇದೆ ಎಂದ. ವರದಿಗಳಲ್ಲಿ ಬೇರೇನು ತಪ್ಪಿದ್ದರೂ ಬಿಟ್ಟು ವಿರಾಮಚಿಹ್ನೆ ತಿದ್ದುತ್ತಿದ್ದ ಆಕೆಯನ್ನು ಎಲ್ಲರೂ ಬೆನ್ನ ಹಿಂದೆ ಅಲ್ಪವಿರಾಮ ಮೇಡಂ ಎನ್ನುತ್ತಿದ್ದರು.

"ಬರೆದೋರು ನಿಮ್ಮ ಹೆಂಡ್ತಿಯಾದ್ರೂ ಸರಿ, ಅಜ್ಜಿಯಾದ್ರೂ ಸರಿ," ಎಂದರು ಆಕೆ. "ಹೆಂಡ್ತಿ ಅನ್ನೋದನ್ನ ಫೈಲಲ್ಲಿ ಬರೆದಿಡಿ. ಯಾರು ಬೇಕಾದ್ರೂ ಹೋಗಿ ಓದಬಹುದಾದ ಜಾಗದಲ್ಲಿ, ಇವರ ಅರ್ಜಿಗಿಂತ ಮುಂಚೆ ಅದು ಇತ್ತು ಅಂತ ತಾರೀಖು ತೋರಿಸಿ. ಲೈಬ್ರರಿ ರಿಜಿಸ್ಟರಿನ ಒಂದು ಸಾಲು ಸಾಕು. ಯಾರೂ ಓದಿರಬೇಕು ಅಂತೇನಿಲ್ಲ, ಓದೋಕೆ ಸಿಗೋ ಹಾಗಿದ್ರೆ ಆಯ್ತು."

ಒಂದು ಸಾಲು! ಕೊಕ್ಕೆರಾಯನಿಗೆ ಹಿಗ್ಗು ತಡೆಯಲಾಗಲಿಲ್ಲ. ಅರ್ಜಿ ಬಿದ್ದುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ವರದಿಯಲ್ಲಿ ಇದನ್ನು ಮೊದಲು ಹೇಳಿದವರು ಎಂಬ ಕಡೆ ಹೆಂಡತಿಯ ಹೆಸರು ಅಚ್ಚಾಗುತ್ತದೆ, ಲೋಕ ಇರುವವರೆಗೆ ಇರುತ್ತದೆ. ಇಪ್ಪತ್ತೆರಡು ವರ್ಷ ಅವಳಿಂದ ತೆಗೆದುಕೊಂಡದ್ದರಲ್ಲಿ ಒಂದು ಚೂರನ್ನಾದರೂ ತಿರುಗಿ ಕೊಡುವ ಅವಕಾಶ, ಅದೂ ಅವನ ಕೈಯಿಂದಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ತಿಳಿದವರು ಹೇಳುತ್ತಾರೆ. ಅವನು ಆ ಸಂಜೆಯೇ ಕುಲಾವಿ ಹೊಲಿಸಿಬಿಟ್ಟ.

ಅರ್ಜಿ ಆಗಲೇ ಪ್ರಕಟವಾಗಿತ್ತು, ಯಾರು ಬೇಕಾದರೂ ಓದಬಹುದಿತ್ತು; ಅವನು ಅದನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಹೆಂಡತಿ ಊಟದ ಮೇಜಿನ ಮೇಲೆ ಹರಡಿದ್ದ ಉತ್ತರದ ಪುಟಗಳನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಮೂಗಿಗೇರಿಸಿ ಓದಿದಳು. ಕುಣಿಯಲಿಲ್ಲ, ಕೂಗಲಿಲ್ಲ. ಹನ್ನೊಂದನೇ ಪುಟದಲ್ಲಿ ಪೆನ್ಸಿಲ್ ಎತ್ತಿಕೊಂಡಳು.

"ನಂದೇ ರೀ ಇದು. ನಾನು ಚೌಕ ಅಂದಿದ್ದನ್ನ ಇವರು ಪ್ರದೇಶ ಅಂದಿದಾರೆ, ಅಷ್ಟೇ. ನೋಡಿ, ಈ ಮೂರನೇ ಸಮೀಕರಣದಲ್ಲಿ ಒಂದು ಪದ ದಂಡಕ್ಕಿದೆ. ನಾನು ನಾಲ್ಕು ಸಾಲಲ್ಲಿ ಮುಗಿಸಿದ್ದೆ."

"ಅಮ್ಮಾ, ಇದನ್ನ ನೀನು ಮಾಡಿದ್ದಾ?" ಎಂದಳು ಮಗಳು. ಕಾಲೇಜಿಗೆ ಹೋಗುವ ಮಗಳ ದನಿಯಲ್ಲಿ ಇದ್ದದ್ದು ಹೆಮ್ಮೆಯಲ್ಲ, ನಂಬಿಕೆಯಾಗದ ಬೆರಗು. ತಾಯಿಗೆ ಅದು ಚುಚ್ಚಿರಬೇಕು. ಆದರೂ ಉಪ್ಪಿನ ಡಬ್ಬಿಯನ್ನು ಗೋಡೆ ಮಾಡಿ, ನೀರಿನ ಲೋಟವನ್ನು ಮನುಷ್ಯನನ್ನಾಗಿ ಮಾಡಿ, ಲೋಟವನ್ನು ಡಬ್ಬಿಯ ಮುಂದೆ ನಡೆಸಿ, ಎಲ್ಲಿ ಏನು ಮರೆಯಾಗುತ್ತದೆ, ಎಲ್ಲಿ ಕಾಯಬೇಕು, ಯಾವಾಗ ಬಿಟ್ಟುಕೊಡಬೇಕು ಎಂದು ಒಂದು ಗಂಟೆ ಹೇಳಿದಳು. ಸಾರು ಉಕ್ಕಿ ಒಲೆ ಆರಿದ್ದು ಮೂವರಿಗೂ ತಿಳಿಯಲಿಲ್ಲ. ಹೆಂಡತಿಯ ಈ ಮುಖವನ್ನು ಕೊಕ್ಕೆರಾಯ ಮರೆತೇಬಿಟ್ಟಿದ್ದ. ಎಂಥ ಮುಖವನ್ನು ಮರೆತಿದ್ದೆ ಎಂದು ಅವನಿಗೆ ಅಳು ಬಂದಂತಾಯಿತು.

ಶನಿವಾರ ಮೂವರೂ ರೈಲು ಹತ್ತಿದರು. ಹಳೆಯ ಕಾಲೇಜಿಗೆ ಮೂರು ತಾಸಿನ ದಾರಿ. ಹೆಂಡತಿ ಯಾವುದೋ ಕಾಲದಲ್ಲಿ ಕೊಂಡು ಎತ್ತಿಟ್ಟಿದ್ದ ಚಪ್ಪಲಿ ಹಾಕಿದ್ದಳು, ಹಿಮ್ಮಡಿ ಉಜ್ಜಿ ಕೆಂಪಾದರೂ ಬಿಚ್ಚಲಿಲ್ಲ. ದಾರಿಯಲ್ಲಿ ಕೊಕ್ಕೆರಾಯ ತನ್ನ ಹಳೆಯ ಕಥೆ ತೆಗೆದ. ನೆಂಟರ ನಡುವೆ ನೂರು ಸಲ ಹೇಳಿದ ಕಥೆ.

"ನಿಮ್ಮಮ್ಮನ ಪ್ರಬಂಧಕ್ಕೆ ಮೂರು ಪ್ರತಿ ಬೈಂಡು ಮಾಡಿಸಿದ್ವಿ. ಒಂದು ಮೇಷ್ಟ್ರಿಗೆ, ಒಂದು ವಿಭಾಗಕ್ಕೆ, ಒಂದು ಲೈಬ್ರರಿಗೆ. ಅಷ್ಟರಲ್ಲಿ ನಿಮ್ಮಜ್ಜಿಗೆ ಹುಷಾರಿಲ್ಲ ಅಂತ ಫೋನು. ಇವಳು ಲೈಬ್ರರಿ ಪ್ರತಿ ನನ್ನ ಕೈಗೆ ಕೊಟ್ಟು ರೈಲು ಹತ್ತಿದಳು. ಪ್ರತಿ ಒಪ್ಪಿಸಿದರೇನೇ ಬಾಕಿ ಇಲ್ಲ ಅಂತ ಚೀಟಿ, ಚೀಟಿ ಇದ್ದರೇನೇ ಡಿಗ್ರಿ. ಹೋಗಿ ನೋಡಿದ್ರೆ ಹನುಮಂತನ ಬಾಲ ಇದ್ದಂಗೆ ಸಾಲು. ನಾನು ಸುಮ್ನೆ ಕಿಟಕಿ ಪಕ್ಕದ ಬಾಗಿಲಿಂದ ಒಳಗೆ ಹೋದೆ. ಗುಮಾಸ್ತ ಬ್ಯಾಗ್ ಹಾಕ್ಕೊಂಡು ಹೊರಟು ನಿಂತಿದ್ದ. ಅಣ್ಣಾ, ಅತ್ತೆಗೆ ಸೀರಿಯಸ್ಸು ಅಂದೆ. ಇನ್ನೂ ಮದುವೆನೇ ಆಗಿಲ್ಲ, ಎಲ್ಲಿಯ ಅತ್ತೆ! ಚೀಟಿಗೆ ಸಹಿ ಬಿತ್ತು. ಎರಡೇ ನಿಮಿಷ!"

ಮಗಳು ನಕ್ಕಳು. ಹೆಂಡತಿಯೂ, ನೂರು ಸಲ ಕೇಳಿದ್ದರೂ, ನಕ್ಕಳು.

ಗ್ರಂಥಾಲಯದಲ್ಲಿ ಪ್ರಬಂಧಗಳ ಕಪಾಟು ನೆಲಮಾಳಿಗೆಯಲ್ಲಿತ್ತು. ಸ್ವೆಟರು ಹಾಕಿದ್ದ ಗ್ರಂಥಪಾಲಕಿ ಒಳ್ಳೆಯ ಹೆಂಗಸು. ಕಪಾಟಿನಲ್ಲಿ ಹುಡುಕಿ ಸಿಗದಿದ್ದಾಗ, ಪುಸ್ತಕ ಕಳೆದಿದ್ದರೂ ದಾಖಲೆ ಇರುತ್ತದೆ ಎಂದು ತಾನೇ ದಪ್ಪ ರಿಜಿಸ್ಟರು ಹೊತ್ತು ತಂದಳು. ಆ ವರ್ಷದ ಪುಟ ತೆರೆಯಿತು. ಹೆಂಡತಿ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಇವಳು ನನ್ನ ರೂಮ್‌ಮೇಟು, ಇವನು ತೊದಲ, ಇವನದು ಬರೀ ನಕಲು ರೀ ಎನ್ನುತ್ತ ನಗುತ್ತಲೇ ಇಳಿದಳು. ಹದಿನೆಂಟು ಸಾಲುಗಳಿದ್ದವು. ಅವಳ ತರಗತಿಯಲ್ಲಿ ಇದ್ದವರು ಹತ್ತೊಂಬತ್ತು ಮಂದಿ.

"ಇನ್ನೊಂದು ಸಲ ನೋಡೋಣ," ಎಂದಳು. ನೋಡಿದರು. ಮುಂದಿನ ವರ್ಷದ್ದನ್ನೂ ನೋಡಿದರು, ಹಿಂದಿನದನ್ನೂ ನೋಡಿದರು.

"ಬಂದಿದ್ರೆ ಹತ್ತಿಸದೆ ಬಿಡ್ತಿರಲಿಲ್ಲಮ್ಮ," ಎಂದಳು ಗ್ರಂಥಪಾಲಕಿ ಮೆಲ್ಲಗೆ. "ಇಲ್ಲಿಗೆ ಬಂದೇ ಇಲ್ಲ ಅನ್ಸುತ್ತೆ."

ನೂರು ಸಲ ಹೇಳಿದ ಕಥೆಗೆ ಒಂದು ಬಾಲ ಇತ್ತು ಎಂಬುದು ಕೊಕ್ಕೆರಾಯನಿಗೆ ಆಗ ನೆನಪಾಯಿತು. ಸಹಿ ಹಾಕುತ್ತ ಗುಮಾಸ್ತ ಹೇಳಿದ್ದ: ರಿಜಿಸ್ಟರು ಒಳಗಿಟ್ಟು ಬೀಗ ಹಾಕಿದೀನಿ, ನಿನ್ನನ್ನ ನಂಬಿ ಸಹಿ ಹಾಕ್ತಿದೀನಿ, ಪ್ರತಿ ನಾಳೆ ತಂದುಕೊಡು. ನಾಳೆ ಎಂದು ಇವನು ತಲೆಯಾಡಿಸಿದ್ದ. ನಾಳೆ, ಓದು ಮುಗಿದ ಮೇಲೂ ಕೆಲಸ ಹುಡುಕುತ್ತ ಆ ಊರಲ್ಲೇ ಉಳಿದಿದ್ದ ಇವನಿಗೆ ಎಲ್ಲೋ ಸಂದರ್ಶನ. ನಾಡಿದ್ದು ಕೋಣೆ ಖಾಲಿ ಮಾಡುವ ಗಡಿಬಿಡಿ. ಚೀಟಿ ಕೈಯಲ್ಲಿತ್ತಲ್ಲ, ಪ್ರತಿಯ ಅವಸರ ಯಾರಿಗಿತ್ತು? ಬೇರೆಯವರ ಕಾಗದದಲ್ಲಿ ಸೊಳ್ಳೆ ಹಿಡಿಯುವವನು ತನ್ನ ಕೈಯಿಂದ ಜಾರಿದ ಆನೆಯನ್ನು ಇಪ್ಪತ್ತೆರಡು ವರ್ಷ ನೋಡಿರಲಿಲ್ಲ.

ಹೆಂಡತಿ ರಿಜಿಸ್ಟರಿನಿಂದ ಬೆರಳು ತೆಗೆದು ಅವನ ಮುಖ ನೋಡಿದಳು. ಮುಖ ಎಲ್ಲವನ್ನೂ ಹೇಳಿಬಿಟ್ಟಿರಬೇಕು.

"ಎರಡೇ ನಿಮಿಷ ಅಂದ್ರಿ," ಎಂದಳು.

ಬೇರೆ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಮೇಷ್ಟರು ತೀರಿಕೊಂಡು ಒಂಬತ್ತು ವರ್ಷ, ಅವರ ಪುಸ್ತಕಗಳು ಯಾರ ಪಾಲಾದವೋ. ವಿಭಾಗದವರು ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯದನ್ನೆಲ್ಲ ರದ್ದಿಗೆ ಹಾಕಿದ್ದರು. ಮಗಳು ಇದನ್ನೆಲ್ಲ ವಿಚಾರಿಸಿ ಬಂದು ಹೇಳಿ, ಅಪ್ಪನ ಕಡೆ ತಿರುಗದೆ ಕಿಟಕಿಯಾಚೆ ನೋಡುತ್ತ ನಿಂತಳು. ವಾಪಸ್ ರೈಲಿನಲ್ಲಿ ಹೆಂಡತಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಅಟ್ಟ ಹತ್ತಿ ಕಾಲೇಜು ಕಾಲದ ತನ್ನ ಕಬ್ಬಿಣದ ಟ್ರಂಕು ಇಳಿಸಿದ. ತನ್ನ ಅಂಕಪಟ್ಟಿಗಳ ಕೆಳಗೆ, ಟೇಬಲ್ ಟೆನ್ನಿಸಿನ ಪ್ರಶಸ್ತಿ ಪತ್ರದ ಕೆಳಗೆ ಅದು ಇತ್ತು. ಕಂದು ಕಾಗದ ಸುತ್ತಿ, ದಾರ ಕಟ್ಟಿ, ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಗ್ರಂಥಾಲಯದ ಪ್ರತಿ. ದಾರದ ಗಂಟು ಅವಳು ಹಾಕಿದ್ದು ಹಾಗೇ ಇತ್ತು. ಅವನು ಅದನ್ನು ಊಟದ ಮೇಜಿನ ಮೇಲಿಟ್ಟ. ಹೆಂಡತಿ ಬಂದು ನೋಡಿದಳು. ಗಂಟು ಬಿಚ್ಚಲಿಲ್ಲ. ಅದನ್ನು ಒಂದು ಪಕ್ಕಕ್ಕೆ ಸರಿಸಿ, ತನ್ನ ಉತ್ತರದ ಪುಟಗಳನ್ನು ಹರಡಿಕೊಂಡು ಕೂತಳು.

"ಏನಾದ್ರೂ ಹೇಳೇ," ಎಂದ ಅವನು.

"ಏನು ಹೇಳ್ಲಿ? ನಾನಿಲ್ಲದೆ ಇದ್ರೂ ಅದು ಅಲ್ಲಿದೆ ಅಂದ್ಕೊಂಡಿದ್ದೆ. ಪಾತ್ರೆ ತೊಳೆಯೋವಾಗ ಎಷ್ಟೋ ಸಲ ಅಂದ್ಕೋತಿದ್ದೆ, ಈಗ ಯಾರೋ ಒಬ್ಬರು ಕಪಾಟಿಂದ ತೆಗೀತಿರಬಹುದು ಅಂತ." ಒಂದು ಉತ್ತರಕ್ಕೆ ಗುರುತು ಹಾಕಿದಳು. "ಯಾರೂ ತೆಗೀತಿರಲಿಲ್ಲ ಬಿಡಿ. ಆದರೆ ತೆಗೀಬಹುದಿತ್ತಲ್ಲ."

ಸೋಮವಾರ ಅವನು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅಲ್ಪವಿರಾಮ ಮೇಡಂ ಮುಂದೆ ನಿಂತ. ನೀರಿಗೆ ಬಿದ್ದವನು ಹುಲ್ಲುಕಡ್ಡಿ ಹಿಡಿಯುತ್ತಾನಲ್ಲ, ಹಾಗೆ. ಒಳಗೆ ಕಾಲೇಜಿನ ಮುದ್ರೆ ಇದೆ, ವರ್ಷ ಇದೆ, ಮೇಷ್ಟರ ಸಹಿ ಇದೆ ಎಂದ. ಆಕೆ ಎಲ್ಲವನ್ನೂ ಕೇಳಿದರು. ಅಂದು ಯಾವ ಚಿಹ್ನೆಯನ್ನೂ ತಿದ್ದಲಿಲ್ಲ.

"ಎಲ್ಲಿತ್ತು ಇದು ಇಷ್ಟು ವರ್ಷ?"

"ಟ್ರಂಕಲ್ಲಿ."

"ಪಾಪ ರೀ. ಆದ್ರೆ ಟ್ರಂಕಿಗೆ ಬಂದು ಯಾರು ಓದ್ತಾರೆ?" ಎಂದರು. ಪೆನ್ನಿನ ಮುಚ್ಚಳ ಹಾಕಿ, "ಬೇಕಾದ್ರೆ ಫೈಲನ್ನ ಬೇರೆಯವರಿಗೆ ಕೊಡ್ತೀನಿ," ಎಂದರು.

ಬೇಡ ಎಂದ ಅವನು. ಅಷ್ಟಾದರೂ ತಾನೇ ಮಾಡಬೇಕು ಅನ್ನಿಸಿತ್ತು. ಕಟ್ಟನ್ನು ಆ ಸಂಜೆ ತಿರುಗಿ ಊಟದ ಮೇಜಿನ ಮೇಲಿಟ್ಟ. ಎರಡು ವಾರ ಬೇರೆ ಹಳೆಯ ಕಾಗದಗಳಿಗಾಗಿ ತಡಕಾಡಿದ. ಹತ್ತಿರ ಬರುವಂಥವು ಹಲವು ಸಿಕ್ಕವು. ಅಕ್ಕಪಕ್ಕದ ಚೌಕಗಳು ನಿಲ್ಲುವವರೆಗೆ ಕಾಯಬೇಕೆಂದು ಹೇಳಿದ್ದು ಒಂದೂ ಇರಲಿಲ್ಲ. ಅದು ಹೊಳೆದದ್ದು ಇಬ್ಬರಿಗೇ. ಕಂಪನಿಯವರು ಕದ್ದಿರಲಿಲ್ಲ, ಅವರನ್ನು ಬೈಯುವ ಸುಖವೂ ಅವನಿಗೆ ಸಿಗಲಿಲ್ಲ. ಇನ್ನು ಮೇಲೆ ಹೆಂಡತಿ ತನ್ನದೇ ವಿಧಾನವನ್ನು ಬಳಸಬೇಕೆಂದರೂ ಅವರ ಅಪ್ಪಣೆ ಕೇಳಬೇಕಿತ್ತು.

ಗಡುವಿನ ದಿನ ಅವನು ಪರದೆಯ ಮೇಲೆ ಒಪ್ಪಿಗೆಯ ನಮೂನೆ ತೆರೆದ. ಎಲ್ಲ ಒಪ್ಪಿಗೆಗೂ ಇರುವ ಸಾಲು ಅದರಲ್ಲೂ ಇತ್ತು: ಈ ವಿಧಾನವನ್ನು ಇದಕ್ಕೆ ಮೊದಲು ಯಾರೂ ಲೋಕಕ್ಕೆ ತಿಳಿಸಿರುವುದು ಕಂಡುಬಂದಿಲ್ಲ. ಕೆಳಗೆ ಪರೀಕ್ಷಕನ ಸಹಿಗೆ ಜಾಗ. ಹೆಸರು ಒತ್ತಿದ, ಗುಟ್ಟಿನ ಸಂಖ್ಯೆ ಒತ್ತಿದ, ಕಳಿಸಿದ. ಪಕ್ಕದ ಮೇಜಿನವನು ಇಣುಕಿ, "ಏನು ಕೊಕ್ಕೆರಾಯರೇ, ಇದಕ್ಕೆ ಒಂದು ಕೊಕ್ಕೆನೂ ಇಲ್ವಾ?" ಎಂದು ನಕ್ಕ.

ಮನೆಗೆ ಬಂದಾಗ ಹೆಂಡತಿ ಮೇಜಿನ ಮುಂದೆ ಇದ್ದಳು. ಕಟ್ಟು ಅಲ್ಲಿರಲಿಲ್ಲ. ಎಲ್ಲಿಟ್ಟೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ಕೊಟ್ಟಿರಾ?" ಎಂದಳು, ತಲೆ ಎತ್ತದೆ.

"ಹೂಂ. ಕೊಟ್ಟೆ."

"ಎಷ್ಟು ಹೊತ್ತು ಹಿಡೀತು, ಸಹಿ ಹಾಕೋಕೆ?"

ಅವಳು ಚುಚ್ಚಲೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಆದ್ದರಿಂದ ಅವನೂ ಈ ಸಲ ನಿಜವನ್ನೇ ಹೇಳಿದ.

"ಎರಡು ನಿಮಿಷ."

ಹೆಂಡತಿ ಸರಿ ಎನ್ನುವಂತೆ ತಲೆಯಾಡಿಸಿ, ಮುಂದಿನ ಉತ್ತರಕ್ಕೆ ಹೋದಳು.