ಇಳಿಯುವ ಮುಂಚೆ ಸಾಯುವವರು

ಹತ್ತನೆಯ ಬಾವಿಯ ಬಾಯಿಯ ಹತ್ತಿರ ನಾಲ್ವರು ಕೂತು ಸಾಯುತ್ತಿದ್ದರು. ಮರಳು ಇನ್ನೂ ಕಾದಿರಲಿಲ್ಲ. ಚಹಾದ ಮೊದಲ ಸುತ್ತು ಮುಗಿದಿತ್ತು.

"ನಾನು ಸತ್ತೆ," ಅಂದ ಬುಜಮಾ, ಲೋಟ ಕೆಳಗಿಟ್ಟು. "ಹಗ್ಗ ಹರಿದು, ಬಿದ್ದು ಸತ್ತೆ."

"ಆ ಹೊಟ್ಟೆ ಹೊತ್ಕೊಂಡು ಇಳಿದ್ರೆ ಇನ್ನೇನಾಗುತ್ತೆ? ಪಾಪ, ಹಗ್ಗಕ್ಕೂ ಜೀವ ಇರುತ್ತೆ," ಅಂದ ಸಾಲೆಮ್.

"ನಗಾಡಬೇಡ್ರೋ," ಅಂದ ಎಂಬಾರೆಕ್ ಮಾವ. "ಬುಜಮಾ, ಹಗ್ಗ ಯಾಕೆ ಹರೀತು?"

"ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ."

"ಹಂಗಾದ್ರೆ ಅಂಚಿಗೆ ಕಂಬಳಿ ಮಡಚಿ ಹಾಕು. ಹಗ್ಗ ಎರಡಿರಲಿ. ಆ ಸಾವು ಮುಗೀತು. ಮುಂದೆ ಯಾರು ಸತ್ರಿ?"

ಇದು ನೆಲದಡಿಯ ಕಾಲುವೆ ತೋಡುವವರ ಪದ್ಧತಿ. ಕುಸಿದ ಕಾಲುವೆಗೆ ಇಳಿಯುವ ಮುಂಚೆ ಎಲ್ಲರೂ ಸುತ್ತ ಕೂತು, ಸಂಜೆ ಆಗಿಹೋಗಿದೆ, ನಾವು ಸತ್ತುಹೋಗಿದ್ದೇವೆ ಎಂದುಕೊಳ್ಳಬೇಕು. ಆಮೇಲೆ ಹೇಗೆ ಸತ್ತೆವೆಂದು ಒಬ್ಬೊಬ್ಬರೇ ಹೇಳುತ್ತಾ ಹಿಂದಕ್ಕೆ ಬರಬೇಕು. ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಈಗ ಕೂತ ಈ ಗಳಿಗೆಗೆ. ಒಂದೊಂದು ಸಾವಿಗೂ ಒಂದೊಂದು ಅಡ್ಡಿ ಕಟ್ಟಬೇಕು. ಹೊಸ ಸಾವು ಯಾರಿಗೂ ಹೊಳೆಯದೆ ಮೂರು ಸುತ್ತು ಸುಮ್ಮನೆ ಹೋದರೆ ಮಾತ್ರ ಇಳಿಯಬಹುದು. ಊರಿನವರು ಇವರನ್ನು ತಮ್ಮ ಶೋಕ ತಾವೇ ಮಾಡಿಕೊಳ್ಳುವವರು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಮೂವತ್ತೊಂದು ವರ್ಷದಲ್ಲಿ ಎಂಬಾರೆಕ್ ಕಟ್ಟಿದ ತಂಡದಲ್ಲಿ ಒಂದೂ ಹೆಣ ಬಿದ್ದಿರಲಿಲ್ಲ.

ನಾಲ್ವರಲ್ಲಿ ಚಿಕ್ಕವನು ಬೆಲ್ಖೈರ್. ಎಂಬಾರೆಕ್‌ನ ತಂಗಿಯ ಮಗ. ಇಪ್ಪತ್ತಮೂರು ವರ್ಷ, ಆರನೆಯ ತರಗತಿಗೇ ಶಾಲೆ ಬಿಟ್ಟವನು. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದ್ದು ಮಾವನೇ. ಗುದ್ದಲಿ ಹಿಡಿಯುವುದನ್ನು ಕಲಿಸಿದ್ದೂ ಮಾವನೇ. ಮಾವನಿಗೀಗ ಮಂಡಿ ನೋವು, ಸುರಂಗದಲ್ಲಿ ಬಗ್ಗಿ ನಡೆಯುವಾಗ ಹಲ್ಲು ಕಚ್ಚುತ್ತಾನೆ. ಇದೊಂದು ಕೆಲಸ ಮುಗಿಸಿ ಮೇಲೆಯೇ ಕೂರುತ್ತೇನೆ ಅಂದಿದ್ದ. ಆ ಮಾತು ಕೇಳಿದಾಗಿನಿಂದ ಬೆಲ್ಖೈರ್‌ಗೆ ಒಂದೇ ಚಿಂತೆ. ಈ ಕೊನೆಯ ಸಲ ಮಾವ ಜೀವಂತ ಮೇಲೆ ಬರಬೇಕು.

ಕಾಲುವೆಯ ಸುರಂಗಕ್ಕೆ ಇಳಿಯಲು ಉದ್ದಕ್ಕೂ ತೋಡಿದ ಬಾವಿಗಳಲ್ಲಿ ಒಂಬತ್ತನೆಯ ಮತ್ತು ಹತ್ತನೆಯದರ ನಡುವೆ ಸುರಂಗದ ಮಾಡು ಕುಸಿದಿತ್ತು. ಊರಿಗೆ ಬರುವ ನೀರು ನಿಂತು ಆರು ದಿನವಾಗಿತ್ತು. ಮಣ್ಣಿನ ಗುಡ್ಡೆಯ ಹಿಂದೆ ನೀರು ಕಟ್ಟಿಕೊಂಡು ಹತ್ತನೆಯ ಬಾವಿಯಲ್ಲಿ ಆಳೆತ್ತರ ಏರಿತ್ತು. ಅವಸರದವನಾದರೆ ಒಂಬತ್ತರಲ್ಲಿ ಇಳಿದು, ಕೆಳಗಿನಿಂದ ಮಣ್ಣು ಕಡಿಯುತ್ತಾನೆ. ಮಣ್ಣು ಸಡಿಲವಾದ ಕ್ಷಣ ಅಷ್ಟೂ ನೀರು ಅವನ ಮೇಲೆ ನುಗ್ಗುತ್ತದೆ. ಓಡುವುದಕ್ಕೆ ಆ ಸುರಂಗದಲ್ಲಿ ನೆಟ್ಟಗೆ ನಿಲ್ಲುವಷ್ಟೂ ಜಾಗವಿಲ್ಲ. ಬೆಳಿಗ್ಗೆ ಮಾವ ಮೊದಲು ಸತ್ತದ್ದೇ ಹಾಗೆ. ಅದಕ್ಕೆ ಅವನೇ ಕಟ್ಟಿದ ಅಡ್ಡಿ: ಮೊದಲು ಹತ್ತನೆಯ ಬಾವಿಯಿಂದ ನೀರು ಎತ್ತಿ ಹೊರಗೆ ಚೆಲ್ಲಬೇಕು. ತೊಗಲಿನ ಚೀಲದಲ್ಲಿ, ರಾಟೆ ಹಾಕಿ, ನಾಲ್ಕು ದಿನ. ಆಮೇಲೆ ಕಡಿಯುವುದು.

ನಾಲ್ಕು ದಿನ ಅನ್ನುವ ಮಾತು ಮೌಲಾಯ್ ತೈಬ್‌ನ ಕಿವಿಗೆ ಬಿತ್ತು.

ಕಾಲುವೆಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವನದು. ಬಿಳಿ ನಿಲುವಂಗಿ, ಕೈಯಲ್ಲಿ ಬೆತ್ತ. ಸುರಂಗದೊಳಗೆ ಒಂದು ಸಲವೂ ಕಾಲಿಟ್ಟವನಲ್ಲ, ಅವನ ಅಪ್ಪನೂ ಇಟ್ಟಿರಲಿಲ್ಲ. ತೋಡಿದವರು ಬೆಲ್ಖೈರ್‌ನ ಮುತ್ತಜ್ಜಂದಿರು. ಅವರು ಮೌಲಾಯ್‌ನ ಹಿರಿಯರು ದುಡ್ಡು ಕೊಟ್ಟು ಕೊಂಡು ತಂದ ಆಳುಗಳು. ಈಗ ಯಾರನ್ನೂ ಕೊಳ್ಳುವ ಹಾಗಿಲ್ಲ, ಕಾಗದದಲ್ಲಿ ಎಲ್ಲರೂ ಸಮಾನರು. ಕಾಗದ ನೆಲದ ಮೇಲಿದೆ. ನೆಲದ ಕೆಳಗೆ ಇಳಿಯುವವರು ಮಾತ್ರ ಇವತ್ತಿಗೂ ಅದೇ ಮನೆಗಳವರು.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಮೌಲಾಯ್ ಬಂದ. ಹಿಂದೆ ಒಂದು ಪಿಕಪ್ ಗಾಡಿ, ಅದರಲ್ಲೊಂದು ಪೆಟ್ರೋಲ್ ಪಂಪು. ಮರಳಿನ ಮೇಲೆ ಚೆಲ್ಲಿ ಕಪ್ಪಾಗಿದ್ದ ನೀರಿನ ಕಲೆ ನೋಡಿ ಅವನ ಮುಖ ಗಂಟಿಕ್ಕಿತು.

"ಎಂಬಾರೆಕ್, ಇನ್ನೂ ಸಾಯ್ತಾನೇ ಇದೀರಾ? ಅಲ್ಲಿ ನನ್ನ ತೋಟ ನಿಜವಾಗ್ಲೂ ಸಾಯ್ತಾ ಇದೆ. ಇಲ್ಲಿ ನೋಡಿದ್ರೆ ನನ್ನ ನೀರನ್ನ ಮರಳಿಗೆ ಕುಡಿಸ್ತಾ ಇದೀರಿ!"

"ಇನ್ನು ಮೂರು ದಿನ, ಮೌಲಾಯ್."

"ಮೂರು ದಿನ ಯಾಕೆ? ಇದನ್ನ ಇಳಿಸು. ಸಂಜೆ ಹೊತ್ತಿಗೆ ಖಾಲಿ ಮಾಡುತ್ತೆ. ನಾಳೆ ಬೆಳಿಗ್ಗೆ ಕಡೀರಿ."

ಪಂಪನ್ನು ಮೇಲೆ ಇಟ್ಟು ಎಳೆಸಿದರೆ ಅಷ್ಟು ಆಳದಿಂದ ನೀರು ಹತ್ತುವುದಿಲ್ಲ. ಅದನ್ನು ಕೆಳಗೇ ಇಳಿಸಬೇಕು. ಮಾವ ಪಂಪಿನ ಸುತ್ತ ಎರಡು ಸಲ ಓಡಾಡಿದ. ಆಮೇಲೆ ನಾಲ್ವರನ್ನೂ ಮತ್ತೆ ಕೂರಿಸಿದ. ಮೌಲಾಯ್ ಬೆತ್ತ ಊರಿ ನಿಂತೇ ಇದ್ದ.

"ಇದರಿಂದ ಹೇಗೆ ಸಾಯ್ತೀವಿ? ಹೇಳಿ."

"ತಲೆ ಮೇಲೆ ಬಿದ್ದು," ಅಂದ ಬುಜಮಾ. ಅದಕ್ಕೆ ಎರಡು ಹಗ್ಗ, ಜೊತೆಗೊಂದು ಸರಪಳಿ.

"ಪೆಟ್ರೋಲ್ ಸೋರಿ, ಕಂದೀಲಿನ ಬೆಂಕಿ ಹತ್ತಿ," ಅಂದ ಬೆಲ್ಖೈರ್. ಅದಕ್ಕೆ ಕಂದೀಲನ್ನು ಪಂಪಿನಿಂದ ದೂರ, ಬಾವಿಯ ತಳದಲ್ಲೇ ಇಡುವುದು.

"ಹೊಗೆ ಕುಡಿದು," ಅಂದ ಸಾಲೆಮ್.

ಇದಕ್ಕೆ ಮಾವ ಯೋಚಿಸಲೇ ಇಲ್ಲ. ಗಾಳಿಯ ಸಾವು ಅವನಿಗೆ ಹಳೆಯ ಪರಿಚಯ. "ಕಂದೀಲು ಇದೆಯಲ್ಲ. ಗಾಳಿ ಕೆಟ್ರೆ ಮನುಷ್ಯನಿಗಿಂತ ಮುಂಚೆ ದೀಪ ಸಾಯುತ್ತೆ. ದೀಪ ಸಣ್ಣಗಾಯ್ತು ಅಂದ್ರೆ ಮೇಲಕ್ಕೆ. ಇವತ್ತಿನವರೆಗೂ ಅದು ಸುಳ್ಳು ಹೇಳಿಲ್ಲ."

ಎಲ್ಲರೂ ತಲೆಯಾಡಿಸಿದರು. ಬೆಲ್ಖೈರ್ ಕೂಡ ಆಡಿಸಿದ. ಆದರೆ ಅವನ ನಾಲಿಗೆಯ ಮೇಲೆ ಇನ್ನೊಂದು ಸಾವು ಕೂತಿತ್ತು.

"ನಾನು ಸತ್ತೆ," ಅಂದ. "ಅವಸರದಿಂದ ಸತ್ತೆ. ನಮ್ಮ ಅವಸರ ಅಲ್ಲ, ಇವರ..."

"ಬೆಲ್ಖೈರ್!" ಮಾವನ ಕೈ ಅವನ ಮಂಡಿಯ ಮೇಲೆ ಬಿತ್ತು. "ಕೂಟದಲ್ಲಿ ಮನುಷ್ಯರ ಹೆಸರು ಬರಬಾರ್ದು. ಗೊತ್ತಲ್ವಾ?"

ಗೊತ್ತಿತ್ತು. ಮಣ್ಣು, ನೀರು, ಗಾಳಿ, ಹಗ್ಗ, ಹಾವು, ತನ್ನದೇ ತಪ್ಪು, ಯಾವುದನ್ನು ಬೇಕಾದರೂ ಹೇಳಬಹುದು. ಮನುಷ್ಯನನ್ನು ಹೇಳುವ ಹಾಗಿಲ್ಲ. ಹೇಳಿದರೆ ಮನಸ್ಸು ಮುರಿಯುತ್ತದೆ, ಮುರಿದ ಮನಸ್ಸಿನವರು ಒಂದೇ ಹಗ್ಗ ಹಿಡಿಯಲಾರರು ಎಂದು ಹಿರಿಯರು ಕಾರಣ ಕೊಡುತ್ತಿದ್ದರು. ಬೆಲ್ಖೈರ್‌ಗೆ ಆ ಕಾರಣದ ಮೇಲೆ ನಂಬಿಕೆ ಇರಲಿಲ್ಲ. ಮುತ್ತಜ್ಜಂದಿರ ಕಾಲದಲ್ಲಿ ಒಡೆಯನ ಹೆಸರು ಎತ್ತಿದರೆ ಬೆನ್ನಿನ ಚರ್ಮ ಹೋಗುತ್ತಿತ್ತು. ಆ ಭಯವೇ ಮುದಿಯಾಗಿ, ಗಡ್ಡ ಬಿಟ್ಟುಕೊಂಡು, ಪದ್ಧತಿ ಅನ್ನಿಸಿಕೊಂಡಿತ್ತು. ಅಷ್ಟು ಗೊತ್ತಿದ್ದೂ ಅವನು ಬಾಯಿ ಮುಚ್ಚಿದ. ಯಾಕೆಂದರೆ ಹೇಳಬೇಡ ಅಂದವನು ಮಾವ.

"ಏನಂತೆ ಹುಡುಗನದು?" ಅಂದ ಮೌಲಾಯ್.

"ಏನಿಲ್ಲ ಮೌಲಾಯ್. ಚೇಳು ಕಚ್ಚಿ ಸತ್ತನಂತೆ," ಅಂದ ಸಾಲೆಮ್.

ಪಂಪು ಇಳಿಯಿತು. ಎರಡು ಗಂಟೆಯ ಹೊತ್ತು ಅದು ಬಾವಿಯ ನಡುವೆ ತೂಗಾಡುತ್ತಾ ನೀರು ಕಕ್ಕಿತು. ಆಮೇಲೆ ನೀರು ತಗ್ಗಿ ಸುರಂಗದೊಳಕ್ಕೆ ಸರಿಯಿತು, ಪೈಪು ಗಾಳಿ ಎಳೆದು ಕೆಮ್ಮತೊಡಗಿತು. ಇನ್ನು ಪಂಪನ್ನು ತಳಕ್ಕೆ ಇಳಿಸಿ, ಸುರಂಗದಲ್ಲಿ ಹನ್ನೆರಡು ಹೆಜ್ಜೆ ಒಳಗೆ, ಕುಸಿದ ಗುಡ್ಡೆಯ ಬುಡಕ್ಕೆ ಎಳೆದು ಇಡಬೇಕು. ಪೈಪಿನ ತುದಿಯನ್ನು ಒಬ್ಬರು ಕೈಯಲ್ಲಿ ಹಿಡಿದು ಗುಂಡಿಗೆ ಅದುಮಿರಬೇಕು.

"ನಾನು ಹೋಗ್ತೀನಿ," ಅಂದ ಬೆಲ್ಖೈರ್.

"ನೀನು ಸಿಟ್ಟಿನಲ್ಲಿದೀಯ. ಸಿಟ್ಟಿರೋನು ಕೆಳಗೆ ಹೋಗಬಾರ್ದು," ಅಂದು ಮಾವ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. "ರಾಟೆ ಹಿಡ್ಕೋ. ದೀಪದ ಮೇಲೆ ಕಣ್ಣಿಡು."

ಇಳಿದ. ಕಂದೀಲನ್ನು ಬಾವಿಯ ತಳದಲ್ಲಿ ಒಂದು ಕಲ್ಲಿನ ಮೇಲೆ ಇಟ್ಟ. ಹನ್ನೆರಡು ಹೆಜ್ಜೆಗೆ ಹಗ್ಗ ಸಾಲಲಿಲ್ಲ. ಬಿಚ್ಚಿ ಕೆಳಗೆ ಹಾಕಿ, ಪಂಪು ಎಳೆದುಕೊಂಡು ಸುರಂಗದೊಳಕ್ಕೆ ಮರೆಯಾದ. ಸ್ವಲ್ಪ ಹೊತ್ತಿಗೆ ಮೋಟಾರಿನ ಸದ್ದು ಕೇಳಿತು. ಮೇಲೆ ಪೈಪಿನ ಬಾಯಿಯಿಂದ ನೀರು ತೋಳಿನ ದಪ್ಪಕ್ಕೆ ಚಿಮ್ಮಿತು.

"ನೋಡಿದ್ರಾ!" ಅಂದ ಮೌಲಾಯ್. ಖುಷಿಯಾಗಿ ಗಾಡಿಯ ನೆರಳಿಗೆ ಹೋಗಿ ಕೂತ.

ಬೆಲ್ಖೈರ್ ಬಾವಿಯ ಅಂಚಿನಲ್ಲಿ ಬೋರಲಾಗಿ ಮಲಗಿ ದೀಪ ನೋಡುತ್ತಿದ್ದ. ದೀಪ ಚೆನ್ನಾಗಿ ಉರಿಯುತ್ತಿತ್ತು. ಹಳದಿ, ನೆಟ್ಟಗೆ. ನೀರು ಬರುತ್ತಿತ್ತು. ಎಲ್ಲ ಸರಿಯಾಗಿತ್ತು. ಕೂಗಿದ. ಮೋಟಾರಿನ ಸದ್ದಿಗೆ ಕೇಳಿಸಲಿಲ್ಲವೇನೋ. ಮತ್ತೆ ಕೂಗಿದ. ಹಗ್ಗ ಅಲ್ಲಾಡಿಸಿದ. ಹಗ್ಗದ ತುದಿ ಕಂದೀಲಿನ ಪಕ್ಕ ಸುಮ್ಮನೆ ಬಿದ್ದಿತ್ತು.

ಪೈಪು ಮತ್ತೆ ಕೆಮ್ಮತೊಡಗಿತು. ನೀರು, ಗಾಳಿ, ನೀರು, ಗಾಳಿ. ಅಂದರೆ ಪೈಪಿನ ತುದಿಯನ್ನು ಯಾರೂ ಅದುಮಿಲ್ಲ.

"ಮಾವ ಕೈ ಬಿಟ್ಟಿದಾನೆ!" ಬೆಲ್ಖೈರ್ ಎದ್ದು ಹಗ್ಗಕ್ಕೆ ಕೈ ಹಾಕಿದ. "ನನ್ನ ಇಳಿಸಿ. ಬೇಗ!"

ಬುಜಮಾ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ.

"ಬಿಡೋ!"

"ಬಿಡಲ್ಲ. ಬಿದ್ದವನನ್ನ ತರೋಕೆ ಹೋದವನೂ ಸಾಯ್ತಾನೆ. ಆ ಸಾವು ನಿಂಗೊತ್ತು."

"ದೀಪ ಉರೀತಿದೆಯಲ್ಲೋ, ನೋಡು!"

"ಅದಕ್ಕೇ ಬಿಡಲ್ಲ. ದೀಪ ಉರೀತಾ ಇದ್ದೂ ಮಾವ ಮಾತಾಡ್ತಿಲ್ಲ. ಕೆಳಗೆ ಏನಿದೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ, ಬೆಲ್ಖೈರ್."

ಬೆಲ್ಖೈರ್ ಕಚ್ಚಿದ, ಒದ್ದ, ಬಾಯಿಗೆ ಬಂದದ್ದು ಬೈದ. ಬುಜಮಾ ಅವನನ್ನು ಮರಳಿಗೆ ಕೆಡವಿ ಮೇಲೆ ಕೂತುಬಿಟ್ಟ, ಆ ಭಾರಕ್ಕೆ ಬೆಲ್ಖೈರ್ ಅಲ್ಲಾಡಲಾಗಲಿಲ್ಲ. ಕೂತವನ ಕಣ್ಣಿಂದ ನೀರು ಸುರಿದು ಗಡ್ಡ ಒದ್ದೆಯಾಗುತ್ತಿತ್ತು. ಮೋಟಾರನ್ನು ನಿಲ್ಲಿಸಬೇಕಾದರೆ ಕೆಳಗೇ ಹೋಗಬೇಕು. ಹೋಗುವಂತಿಲ್ಲ. ಪೆಟ್ರೋಲ್ ಮುಗಿಯುವವರೆಗೆ ಅದು ಓಡಲೇಬೇಕು. ಓಡಿತು. ಸಾಲೆಮ್ ಒಂದು ಹೊರೆ ಖರ್ಜೂರದ ಗರಿ ಕಟ್ಟಿ, ಬಾವಿಯಲ್ಲಿ ಇಳಿಸುತ್ತಾ ಎತ್ತುತ್ತಾ ಗಾಳಿ ಕಡೆಯುತ್ತಿದ್ದ. ಅವನ ಅಂಗೈ ಸುಲಿದು ಹಗ್ಗ ಕೆಂಪಾಯಿತು. ಮೌಲಾಯ್ ಎದ್ದು ಬಂದು, "ಏನಾಯ್ತು? ಪಂಪಿಗೆ ನೀರು ನುಗ್ತಾ?" ಅಂದ.

ಇಳಿಹೊತ್ತಿನ ಅಸರ್ ನಮಾಜಿನ ವೇಳೆ ದಾಟಿದ ಮೇಲೆ ಸದ್ದು ನಿಂತಿತು. ಮತ್ತೂ ಒಂದು ಗಂಟೆ ಗರಿಯಾಡಿಸಿದರು. ಆಮೇಲೆಯೇ ಬುಜಮಾ ಎದ್ದು, ಬೆಲ್ಖೈರ್‌ಗೆ ತಾನೇ ಎರಡು ಹಗ್ಗ ಬಿಗಿದು, ಇನ್ನೊಂದು ತುಂಡು ಗಂಟು ಹಾಕಿ ಉದ್ದ ಮಾಡಿ ಇಳಿಸಿದ. ಮಾವ ಇಳಿಯುವಾಗ ಅದೇ ಗಂಟು ಯಾರಿಗೂ ಹೊಳೆದಿರಲಿಲ್ಲ.

ಮಾವ ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದ. ನಿದ್ದೆ ಹೋದವನ ಹಾಗೆ. ಪೈಪು ಅವನ ಮಡಿಲಿನಲ್ಲಿತ್ತು. ಓಡಲು ನೋಡಿದ ಗುರುತಿರಲಿಲ್ಲ, ಹೆದರಿದ ಗುರುತೂ ಇರಲಿಲ್ಲ. ಉಗುರುಗಳು ಮದರಂಗಿ ಹಚ್ಚಿದ ಹಾಗೆ ಕೆಂಪಗಿದ್ದವು. ಬಾವಿಯ ತಳದಲ್ಲಿ ಕಂದೀಲು ಇನ್ನೂ ಉರಿಯುತ್ತಿತ್ತು. ಮೋಟಾರಿನ ಹೊಗೆ ದೀಪವನ್ನು ಬಿಟ್ಟು ಮನುಷ್ಯನನ್ನು ಮಾತ್ರ ಆರಿಸಿತ್ತು. ಬೆಲ್ಖೈರ್ ಅದನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಆಮೇಲೆ ಕತ್ತಲಲ್ಲೇ ತಡಕಾಡಿ ಮಾವನಿಗೆ ಹಗ್ಗ ಕಟ್ಟಿದ.

ಮರುದಿನ ಬೆಳಿಗ್ಗೆ ಮಣ್ಣು ಮಾಡಿದರು. ಮಧ್ಯಾಹ್ನ ಮೌಲಾಯ್ ತೈಬ್ ವಾಡಿಕೆಯಂತೆ ಎರಡು ಸಕ್ಕರೆ ಅಚ್ಚು ಹಿಡಿದು ಸಾವಿನ ಮನೆಗೆ ಬಂದ. ಒಳ್ಳೆಯ ಮಾತು ಆಡಿದ. ಎಂಬಾರೆಕ್‌ನಂಥವನು ಇನ್ನು ಹುಟ್ಟುವುದಿಲ್ಲ ಅಂದ. ದೀಪವೇ ಉರಿಯುತ್ತಿದ್ದಾಗ ಯಾರೇನು ಮಾಡಲಾಗುತ್ತದೆ, ದೇವರು ಬರೆದದ್ದು ಅಂದ. ಏಳುವಾಗ ದನಿ ತಗ್ಗಿಸಿ, "ನೀರಂತೂ ತಗ್ಗಿದೆ. ಮತ್ತೆ ತುಂಬೋ ಮುಂಚೆ ನಾಳೆ ಬೆಳಿಗ್ಗೆ ಕಡಿದುಬಿಡಿ. ಅವನು ಹಿಡಿದ ಕೆಲಸ ಅರ್ಧಕ್ಕೆ ನಿಲ್ಲಬಾರ್ದು," ಅಂದ.

ಬೆಲ್ಖೈರ್‌ನ ತಾಯಿ ಬಾಗಿಲ ಹಿಂದೆ ಕೂತಿದ್ದಳು. ಅಣ್ಣನನ್ನು ಕಳೆದುಕೊಂಡವಳು. ಮೌಲಾಯ್ ಹೋದ ಮೇಲೆ ಮಗನ ಮುಖ ನೋಡದೆ, "ಈರುಳ್ಳಿ ಪಾತಿ ಸುಟ್ಟು ಹೋಯ್ತು. ಗೋಧೀನೂ ಇನ್ನು ಎರಡು ದಿನ ತಡೆಯಲ್ಲ," ಅಂದಳು. ಇಳಿ ಅನ್ನಲಿಲ್ಲ, ಇಳಿಯಬೇಡ ಅಂತಲೂ ಅನ್ನಲಿಲ್ಲ.

ಬೆಳಿಗ್ಗೆ ಒಂಬತ್ತನೆಯ ಬಾವಿಯ ಹತ್ತಿರ ಮೂವರು ಕೂತರು. ಗುದ್ದಲಿ, ಹಗ್ಗ, ಪುಟ್ಟಿ ಎಲ್ಲ ಸಿದ್ಧವಿತ್ತು. ಮೌಲಾಯ್ ಬಂದು ಬೆತ್ತ ಊರಿ ನಿಂತ. ಚಹಾ ಒಂದು ಸುತ್ತಾಯಿತು. ಯಾರೂ ಸಾಯಲಿಲ್ಲ.

"ಏನ್ರೋ, ಶುರು ಮಾಡಿ."

"ಕೂತ್ಕೊಳಿ, ಮೌಲಾಯ್," ಅಂದ ಬೆಲ್ಖೈರ್.

"ನಾನ್ಯಾಕೆ ಕೂರಲಿ?"

"ಮಣ್ಣು ಹೇಗೆ ಕೊಲ್ಲುತ್ತೆ ನಮಗೊತ್ತು. ನೀರು ಹೇಗೆ ಕೊಲ್ಲುತ್ತೆ, ಹಗ್ಗ ಹೇಗೆ ಕೊಲ್ಲುತ್ತೆ, ಅದೂ ಗೊತ್ತು. ನೀವು ಹೇಗೆ ಕೊಲ್ತೀರ ಅನ್ನೋದು ಗೊತ್ತಿಲ್ಲ. ಅದನ್ನ ನೀವೇ ಹೇಳ್ಬೇಕು. ಇವತ್ತು ಸಂಜೆ ನಾವು ಮೂರೂ ಜನ ಸತ್ತಿದೀವಿ ಅಂತಿಟ್ಕೊಳಿ. ನೀವು ಏನು ಮಾಡಿದ್ರಿ? ಗೊತ್ತಾದ್ರೆ ಅಡ್ಡಿ ಕಟ್ಟಿಕೊಂಡು ಇಳೀತೀವಿ."

ಸಾಲೆಮ್‌ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

"ಬುಜಮಾ," ಅಂದ ಮೌಲಾಯ್. ಅವನ ದನಿ ಸಣ್ಣಗಿತ್ತು. "ಇವನಿಗೆ ದುಃಖದಲ್ಲಿ ತಲೆ ಕೆಟ್ಟಿದೆ. ನೀನಾದ್ರೂ ಬುದ್ಧಿ ಹೇಳು."

ಬುಜಮಾ ಬೆಲ್ಖೈರ್‌ನ ಮುಖ ನೋಡಲಿಲ್ಲ, ಮೌಲಾಯ್‌ನ ಮುಖವನ್ನೂ ನೋಡಲಿಲ್ಲ. ತನ್ನ ದೊಡ್ಡ ಮೈಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗದ ಮರಳನ್ನು ಅಂಗೈಯಿಂದ ಸಮ ಮಾಡಿದ.

"ಇಲ್ಲಿ ಕೂತ್ಕೊಳಿ, ಮೌಲಾಯ್," ಅಂದ. "ಇಲ್ಲಿ ಕಲ್ಲಿಲ್ಲ."

ಮೌಲಾಯ್ ತೈಬ್ ಕೂರಲಿಲ್ಲ. ಹೋಗಲೂ ಇಲ್ಲ. ಬಿಸಿಲು ಏರಿತು. ದೂರದಲ್ಲಿ, ತೋಟಗಳ ಕಡೆಯಿಂದ, ಹೆಂಗಸರು ನೀರಿನ ಖಾಲಿ ಡಬ್ಬ ಹಿಡಿದು ಒಬ್ಬೊಬ್ಬರಾಗಿ ಬಂದು ದಿಬ್ಬದ ಮೇಲೆ ನಿಲ್ಲತೊಡಗಿದರು. ಅವರಲ್ಲಿ ತನ್ನ ತಾಯಿ ಯಾರೆಂದು ಬೆಲ್ಖೈರ್‌ಗೆ ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಅವನು ಕೂತ ಕಡೆಯಿಂದ ಏಳಲಿಲ್ಲ.